ಕಲಿಸುವವರ ಬೇಸಿಗೆ ಶಾಲೆ

ಮೂಡುಬಿದಿರೆ,
ಮೇ ೨೧, ೨೦೨೫

ಪ್ರೀತಿಯ ಮಗಳು ಸಾಧನಾಳಿಗೆ,

ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನನ್ನ ಸ್ವರ ಮಾತ್ರ ಮೈದಾನದಲ್ಲಿ ಕೂಗಿ ಕೂಗಿ ಒಡೆದ ಪೀಪಿಯ ಹಾಗಾಗಿದೆ. ನೀನು ಕಳಿಸಿದ ಮೊಣಗಂಟಿನ ಪಟ್ಟಿ ಬಂದು ತಿಂಗಳು ಕಳೆಯಿತು. ಮುಟ್ಟಿತು ಎಂದು ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು ಮಗಾ. ಅದನ್ನು ಕಟ್ಟಿಕೊಂಡೇ ಶಾಲೆ ಪೂರ್ತಿ ನಡೆಸಿದೆ. ಬಂಟ್ವಾಳದ ಮೊಯಿದಿನಬ್ಬ ಮಾಸ್ಟ್ರು, ನಿನ್ನಪ್ಪನ ಹಳೆಯ ಜೊತೆಗಾರರು, ಅದನ್ನು ನೋಡಿ, "ಟೀಚರೇ, ಮಗಳಿಗೆ ಹೇಳಿ ನನಗೂ ಒಂದು ತರಿಸಿ, ಬಲದ ಕಾಲಿಗೆ. ಎಡದ್ದು ಇನ್ನೂ ಯುವಕ," ಎಂದರು. ಒಂದು ಕಳಿಸಿಬಿಡು.

ಈ ಕಾಲದಲ್ಲಿ ಕಾಗದ ಬರೆಯುವ ಅಮ್ಮ ಯಾರಿಗುಂಟು ಎಂದು ನಿನ್ನ ಆಸ್ಪತ್ರೆಯ ಹುಡುಗಿಯರು ನಗಬಹುದು. ನಗಲಿ. ಫೋನಿನಲ್ಲಾದರೆ ಅಪ್ಪನ ಹೆಸರು ಬಂದ ಕೂಡಲೇ ನಿಮ್ಮ ಶಿವಮೊಗ್ಗದಲ್ಲಿ ನೆಟ್‌ವರ್ಕ್ ಹೋಗುತ್ತದೆ. ಕಾಗದಕ್ಕೆ ಆ ರೋಗ ಇಲ್ಲ. ಇದರಲ್ಲಿ ಅಪ್ಪನ ಹೆಸರು ಬಹಳ ಸಲ ಬರಲಿದೆ ಎಂದು ಈಗಲೇ ಹೇಳಿಬಿಡುತ್ತೇನೆ. ಅರ್ಧಕ್ಕೆ ಮಡಿಸಿ ಇಟ್ಟರೆ ನನ್ನ ಮೇಲಾಣೆ.

ಮೊದಲು ಜಂಬ ಕೊಚ್ಚಿಕೊಳ್ಳುತ್ತೇನೆ. ಕೊಚ್ಚದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮ ಶಾಲೆ ಆಯಿತು! ಗಮ್ಮತ್ತಿನಲ್ಲಿ ಆಯಿತು! ಮೂರು ತಾಲೂಕಿನ ಮಾಸ್ಟ್ರುಗಳು, ಟೀಚರುಗಳು ಹತ್ತು ದಿನ ಇಲ್ಲಿ ಬಂದು ಕೂತು, ಓಡಿ, ಹಾರಿ, ಬಿದ್ದು, ಬೈಸಿಕೊಂಡು ಕಲಿತು ಹೋದರು.

ಬೇಸಿಗೆ ಬಂದರೆ ಮಕ್ಕಳಿಗೆ ಶಿಬಿರ ಮಾಡುವವರು ಓಣಿಗೊಬ್ಬರು ಸಿಗುತ್ತಾರೆ. ಆ ಮಕ್ಕಳಿಗೆ ಕಲಿಸುವವರಿಗೆ ಕಲಿಸುವವರು ಯಾರು? ನಾನು ಕೆಲಸಕ್ಕೆ ಸೇರಿದ ದಿನ ಹೆಡ್ಮಾಸ್ಟ್ರು ನನ್ನ ಕೈಗೆ ಒಂದು ವಿಸಿಲು, ಗಾಳಿಯಿಲ್ಲದ ಒಂದು ವಾಲಿಬಾಲು ಕೊಟ್ಟು, "ಇನ್ನು ನೀವುಂಟು, ಮಕ್ಕಳುಂಟು" ಎಂದಿದ್ದರು. ಅಲ್ಲಿಂದ ನಿವೃತ್ತಿಯವರೆಗೆ, ಬಾ ತಾಯಿ ಹೊಸತೇನಾದರೂ ಕಲಿ ಎಂದು ನನ್ನನ್ನು ಯಾರೂ ಕರೆದದ್ದಿಲ್ಲ. ಬೆಳ್ತಂಗಡಿಯ ಘಟ್ಟದ ಬುಡದ ಶಾಲೆಗಳಲ್ಲಿ ಇವತ್ತಿಗೂ ಗುಂಡೆಸೆತ ಕಲಿಸುವುದು ಹಿಂದಿ ಮಾಸ್ಟ್ರು. ಪಾಪ, ಅವರಾದರೂ ಏನು ಮಾಡಿಯಾರು? ಎಸೆ ಎನ್ನುತ್ತಾರೆ, ಮಕ್ಕಳು ಎಸೆಯುತ್ತಾರೆ. ಭುಜ ಹಿಡಿದುಕೊಂಡರೆ ಎಣ್ಣೆ ಹಚ್ಚು ಎನ್ನುತ್ತಾರೆ.

ಇದನ್ನೇ ಹೇಳಿಕೊಂಡು ಚಳಿಗಾಲವಿಡೀ ಬಂಟ್ವಾಳ, ಬೆಳ್ತಂಗಡಿ ಎಂದು ಬಸ್ಸಿನಲ್ಲಿ ಅಲೆದೆ. ಒಬ್ಬ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಮಕ್ಕಳ ಶಿಬಿರ ಆದರೆ ಹೇಳಿ ಟೀಚರ್, ಮಾಸ್ಟ್ರುಗಳಿಗೆ ಎಂತ ಶಿಬಿರ? ಅವರದ್ದು ಕಲಿತಾಗಿದೆಯಲ್ಲ?" ಎಂದರು. "ನಿಮ್ಮ ಡಾಕ್ಟರು ಕಾಲೇಜು ಬಿಟ್ಟ ಮೇಲೆ ಒಂದು ಪುಸ್ತಕವೂ ಓದದವರಾದರೆ ನೀವು ಅವರ ಹತ್ತಿರ ಹೋಗ್ತೀರಾ ಸರ್?" ಎಂದು ಕೇಳಿದೆ. ನಕ್ಕುಬಿಟ್ಟರು. ಒಪ್ಪಿಗೆಯೂ ಸಿಕ್ಕಿತು. ನನ್ನ ನಾಲಿಗೆ ನಿನಗೆ ಗೊತ್ತುಂಟಲ್ಲ!

ಕಲಿಸಲಿಕ್ಕೆ ಬಂದವಳು ಯಾರು ಹೇಳು? ವಿಸ್ಮಿತಾ! ಹೌದು, ನಿನ್ನ ಹಿಂದೆ ಸದಾ ಎರಡನೆಯವಳಾಗಿ ಬರುತ್ತಿದ್ದ, ಬೆಳ್ತಂಗಡಿಯ ಕೂಸಪ್ಪಣ್ಣನ ಮಗಳು. ನಿನ್ನಪ್ಪನ ಕೈಯಲ್ಲೇ ಓಟ ಕಲಿತ ಹುಡುಗಿ ಈಗ ತರಬೇತುದಾರರ ಪರೀಕ್ಷೆ ಪಾಸಾಗಿ ಕುತ್ತಿಗೆಗೆ ಸ್ಟಾಪ್‌ವಾಚು ಹಾಕಿಕೊಂಡು ತಿರುಗುತ್ತಾಳೆ. ಸಿಂಥೆಟಿಕ್ ಟ್ರ್ಯಾಕು ಬೇಡ, ಶಾಲೆಯ ಮಣ್ಣಿನ ಮೈದಾನವೇ ಸಾಕು ಎಂದು ಹಟ ಹಿಡಿದವಳು ಅವಳೇ. "ಇವರು ನಾಳೆ ಊರಿಗೆ ಹೋಗಿ ಕಲಿಸಲಿಕ್ಕಿರುವುದು ಮಣ್ಣಿನಲ್ಲೇ ಅಲ್ಲವಾ ಟೀಚರ್?" ಎಂದಳು. ಸರಿಯಾದ ಮಾತು. ಗಂಜಿ ಬೇಯಿಸುವ ಒಲೆಯಲ್ಲೇ ಅಡುಗೆ ಕಲಿಯಬೇಕು.

ಕೊನೆಯ ದಿನದ ಪಾಠ ನಿನ್ನದು ಎಂದು ಇಟ್ಟಿದ್ದೆ. ಓಡುವ ಮಗು ನೋವು ಎಂದಾಗ ಕಲಿಸುವವರು ಏನು ಮಾಡಬೇಕು, ಅದನ್ನು ಹೇಳಲಿಕ್ಕೆ ನಿನಗಿಂತ ಯೋಗ್ಯರು ಯಾರು? ಮೊಣಗಂಟು ಕಳಕೊಂಡವಳು ನೀನು, ದಿನವೂ ಇತರರ ಮೊಣಗಂಟು ಸರಿಮಾಡುವವಳೂ ನೀನೇ. ಫೋನಿನಲ್ಲಿ ನೀನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. "ಅಪ್ಪ ಇರ್ತಾರಾ?" ಎಂದು ಕೇಳಿದೆ. "ಇರ್ತಾರೆ, ಕಲಿಯುವವರ ಸಾಲಿನಲ್ಲಿ" ಎಂದೆ. ನೆಟ್‌ವರ್ಕ್ ಹೋಯಿತು.

ಅದು ನಿಜ. ನಿನ್ನಪ್ಪ ಅರ್ಜಿ ಹಾಕಿದ್ದರು. ಮನೆಯೊಳಗೇ ಇರುವ ಹೆಂಡತಿಗೆ ಅಂಚೆಯಲ್ಲಿ ಅರ್ಜಿ ಕಳಿಸಿದ ಗಂಡಸನ್ನು ನೀನು ಬೇರೆಲ್ಲಾದರೂ ಕಂಡಿದ್ದೀಯಾ? ಪೋಸ್ಟ್‌ಮ್ಯಾನ್ ತಂದು ಕೊಟ್ಟಾಗ ಇವರು ಜಗಲಿಯಲ್ಲೇ ಪೇಪರು ಓದುತ್ತಿದ್ದರು. "ಇದೆಂತದು?" ಎಂದೆ. "ಎಲ್ಲರ ಹಾಗೆ ನೋಡಿ, ಅರ್ಹತೆ ಉಂಟಾದರೆ ಸೇರಿಸಿಕೊಳ್ಳಿ" ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ನಿವೃತ್ತರಾದ ಮೇಲೂ ಮೂರು ಶಾಲೆಯ ಮಕ್ಕಳು ಈ ಮನೆಯ ಅಂಗಳಕ್ಕೆ ಬರುತ್ತಾರಲ್ಲ, ಹಾಗಾಗಿ ಅರ್ಹತೆ ಇತ್ತು. ಸೇರಿಸಿಕೊಂಡೆ. ಇದನ್ನು ನಿನ್ನಿಂದ ಮುಚ್ಚಿಡಲಿಲ್ಲ, ಮುಚ್ಚಿಟ್ಟಿದ್ದರೆ ನೀನು ಬರುತ್ತಿದ್ದೆಯೋ ಏನೋ. ಸುಳ್ಳು ಹೇಳಿ ಕರೆಸಿಕೊಳ್ಳುವುದು ನನ್ನಿಂದಾಗಲಿಲ್ಲ.

ಜಾಗ ಕೊಟ್ಟವರು ನಿನ್ನ ದೊಡ್ಡಪ್ಪ. ಅವರು ನೋಡಿಕೊಳ್ಳುವ ಬಸದಿಯ ಯಾತ್ರಿಕರ ಛತ್ರ ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತದಲ್ಲ, ಅದನ್ನೇ ಅಡುಗೆಮನೆ ಸಮೇತ ಬಿಟ್ಟುಕೊಟ್ಟರು. ಶರತ್ತು ಎರಡೇ: ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಒಳಗೆ ಬರಕೂಡದು, ಹೊತ್ತು ಕಂತುವ ಮೊದಲು ಒಲೆ ಆರಬೇಕು. ಶ್ರೇಯಾಂಸ ಭಾವನ ನಿಯಮಗಳು ನಿನಗೆ ಗೊತ್ತೇ ಉಂಟು. ಒಂದು ಚಾತುರ್ಮಾಸಕ್ಕೆ ಮೊಸರು ಬಿಡುತ್ತಾರೆ, ಇನ್ನೊಂದಕ್ಕೆ ತುಪ್ಪ. ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದರೆ ಓಹೋ, ಈ ಸಲ ಇದು ಎಂದು ನಾವೇ ತಿಳಿದುಕೊಳ್ಳಬೇಕು. ನಾನು ಎರಡೂ ಶರತ್ತಿಗೆ ಕಣ್ಣು ಮುಚ್ಚಿ ಒಪ್ಪಿದೆ. ಅದರಲ್ಲಿ ಶರತ್ತೇನು ಬಂತು, ನಮ್ಮ ಮನೆಯಲ್ಲಿ ನಡೆಯುವುದೂ ಅದೇ ಅಲ್ಲವೇ?

ಅಲ್ಲೇ ನಾನು ಮುಗ್ಗರಿಸಿದ್ದು. ಊಟ, ವಸತಿ ಉಂಟು ಎಂದು ಎಲ್ಲರಿಗೂ ತಿಳಿಸಿದ್ದೆ. ಊಟ ಎಷ್ಟು ಹೊತ್ತಿಗೆ ಎಂದು ತಿಳಿಸಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಜೈನರ ಮನೆಯಲ್ಲಿ ಹುಟ್ಟಿ ಜೈನರ ಮನೆಗೇ ಬಂದವಳು ನಾನು. ಬೆಳಕಿರುವಾಗ ಉಣ್ಣುವುದನ್ನು ಬಾಯಿಬಿಟ್ಟು ಹೇಳಬೇಕೇ? ವಿಸ್ಮಿತಾ ಅತ್ತ ಮೇ ತಿಂಗಳ ಬಿಸಿಲಿಗೆ ಹೆದರಿ, ಮೈದಾನದ ಅಭ್ಯಾಸವೆಲ್ಲ ಸಂಜೆ ಬಿಸಿಲಿಳಿದ ಮೇಲೆ, ಕಣ್ಣು ಕಾಣುವವರೆಗೆ ಎಂದು ಇಟ್ಟಿದ್ದಳು. ಅವಳ ಪಟ್ಟಿಗೂ ನನ್ನ ಅಡುಗೆಗೂ ಭೇಟಿಯೇ ಆಗಿರಲಿಲ್ಲ.

ಮೊದಲ ಸಂಜೆ ಏನಾಯಿತು ಕೇಳು. ದೊಡ್ಡಪ್ಪ ಎಲೆ ಹಾಕಿಸಿ ಕಾಯುತ್ತಿದ್ದಾರೆ, ಮೈದಾನದಲ್ಲಿ ಇವರು ಹಾರುತ್ತಿದ್ದಾರೆ. ಸೂರ್ಯ ಯಾರಿಗಾಗಿ ನಿಲ್ಲುತ್ತಾನೆ? ಹೊತ್ತು ಕಂತಿತು, ಒಲೆಗೆ ನೀರು ಬಿತ್ತು, ಪಾತ್ರೆ ತೊಳೆದು ಕವುಚಿಟ್ಟಾಯಿತು. ಆಮೇಲೆ ಬೆವರು ಒರೆಸಿಕೊಂಡು ಬಂದರು ನೋಡು ನಮ್ಮವರು, ಹಸಿದ ಹುಲಿಗಳ ಹಾಗೆ. ದೊಡ್ಡಪ್ಪ ಕೈಮುಗಿದು, "ನಾಳೆ ಬೆಳಿಗ್ಗೆ ಒಳ್ಳೆ ನೀರುದೋಸೆ ಉಂಟು" ಎಂದರು. ಮೊಯಿದಿನಬ್ಬ ಮಾಸ್ಟ್ರು ನನ್ನ ಮುಖ ನೋಡಿ, "ಟೀಚರೇ, ಇದು ಕೋಚುಗಳ ಶಾಲೆಯಾ, ಉಪವಾಸದ ಶಾಲೆಯಾ? ನಮ್ಮ ಉಪವಾಸದಲ್ಲಾದರೆ ಹೊತ್ತು ಕಂತಿದ ಮೇಲೆ ಊಟ ಸಿಗ್ತದೆ ಮಾರಾಯ್ತಿ, ನಿಮ್ಮದರಲ್ಲಿ ಆಗಲೇ ನಿಲ್ತದೆ!" ಎಂದು ಎಲ್ಲರನ್ನೂ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ನಡೆದರು. ನಿನ್ನಪ್ಪ ಹೋಗಲಿಲ್ಲ. ನೀರೂ ಕುಡಿಯದೆ ಮಲಗಿದರು. ನನಗೆ ನಾಚಿಕೆಯಿಂದ ಭೂಮಿ ಬಿರಿಯಬಾರದೇ ಎನಿಸಿತು. ಇಷ್ಟೆಲ್ಲ ಓಡಾಡಿ ಕಟ್ಟಿದ ಶಾಲೆ ಮೊದಲ ದಿನವೇ ಒಂದು ಊಟದ ಕಾರಣಕ್ಕೆ ಒಡೆಯಿತಲ್ಲ ಎಂದು ಅತ್ತೂಬಿಟ್ಟೆ.

ಬೆಳಿಗ್ಗೆ ಅರ್ಧ ಜನ ಚೀಲ ಕಟ್ಟಿ ನಿಂತಿದ್ದರು. ಅವರೆದುರಿಗೆ ದೊಡ್ಡಪ್ಪ ಬಂದು ನಿಂತರು. ನಾನು ಇನ್ನು ಜಗಳವೇ ಎಂದುಕೊಂಡೆ. ಅವರು ನಿಧಾನಕ್ಕೆ, "ನಿಯಮ ಮುರಿಯಲಿಕ್ಕೆ ನನಗೆ ಆಗುವುದಿಲ್ಲ. ಮಕ್ಕಳಿಗೆ ಕಲಿಸುವವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಿಕ್ಕೂ ಆಗುವುದಿಲ್ಲ. ನೀವು ಊಟಕ್ಕೆ ಬರಲಿಕ್ಕೆ ಆಗದಿದ್ದರೆ ಊಟವೇ ನೀವಿದ್ದಲ್ಲಿಗೆ ಬರ್ತದೆ. ಉಣ್ಣುವ, ಮತ್ತೆ ಕಲಿಯುವ. ಆಗಬಹುದಾ?" ಎಂದರು. ಎಂಬತ್ತು ದಾಟಿದ ಹಿರಿಯರು ಹೀಗೆ ಕೇಳಿದರೆ ಯಾರು ಆಗುವುದಿಲ್ಲ ಎಂದಾರು? ಚೀಲಗಳು ಒಳಗೆ ಹೋದವು.

ಅಂದಿನಿಂದ ಓಟ, ಹಾರಾಟವೆಲ್ಲ ಬೆಳಗಿನ ತಂಪಿಗೆ ಹೋಯಿತು. ಸಂಜೆಗೆ ಹಗುರಾದ ಅಭ್ಯಾಸ ಮಾತ್ರ. ಹೊತ್ತು ಪಡುವಣದ ತೆಂಗಿನ ತಲೆಗೆ ಬಂದ ಕೂಡಲೇ ಪಿಕಪ್ಪಿನಲ್ಲಿ ಹಂಡೆಗಳು ಮೈದಾನಕ್ಕೇ ಬರುತ್ತಿದ್ದವು, ಹಂಡೆಗಳ ನಡುವೆ ದೊಡ್ಡಪ್ಪ! ಯಾರದೋ ವಿಸಿಲು ಕೇಳಿ ಪಡೆದುಕೊಂಡು ಅದನ್ನು ಊದುವುದೇ ಅವರಿಗೊಂದು ಗಮ್ಮತ್ತು. ಲಾಂಗ್‌ಜಂಪಿನ ಓಡುದಾರಿಯ ಉದ್ದಕ್ಕೆ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತು ಉಂಡೆವು. ಎಳೆ ಹಲಸಿನ ಗುಜ್ಜೆ ಪಲ್ಯ, ಸೌತೆಕಾಯಿ ಹುಳಿ, ಹೆಸರುಕಾಳು, ಕಡ್ಲೆ. ಆಟದವರಿಗೆ ಒಂದು ಮೊಟ್ಟೆಯೂ ಇಲ್ಲವಾ ಎಂದು ಗೊಣಗಿದವರು ಮೂರನೆಯ ದಿನಕ್ಕೆ ಎರಡನೆಯ ಸಲ ಬಡಿಸಿಕೊಂಡರು. ಮೊಯಿದಿನಬ್ಬ ಮಾಸ್ಟ್ರು ಮಾತ್ರ, "ನಿಮ್ಮ ಕಡ್ಲೆ ತಿಂದು ತಿಂದು ನಾನು ಕುದುರೆ ಆಗ್ತೇನೆ, ಮತ್ತೆ ನನ್ನನ್ನು ಓಟದಲ್ಲಿ ಹಿಡಿಯಲಿಕ್ಕೆ ಆಗುದಿಲ್ಲ" ಎನ್ನುತ್ತಿದ್ದರು.

ಉಂಡಾದ ಮೇಲೆ ಯಾರಿಗೂ ಏಳುವ ಮನಸ್ಸಿರುತ್ತಿರಲಿಲ್ಲ. ಬೆಳಕು ಆರುವವರೆಗೆ ಅಲ್ಲೇ ಕೂತು ಮಾತಾಡುತ್ತಿದ್ದರು: ಹೆದರುವ ಮಗುವನ್ನು ಹೇಗೆ ಹಾರಿಸುವುದು, ಹುಡುಗಿಯರು ಎಂಟನೇ ಕ್ಲಾಸಿಗೆ ಬಂದ ಕೂಡಲೇ ಓಟ ಯಾಕೆ ಬಿಡುತ್ತಾರೆ, ಹೀಗೆ. ಬಂಟ್ವಾಳದ ಹೈಸ್ಕೂಲಿನ ಫಾಯಿಝಾ ಎಂಬ ಎಳೆಯ ಟೀಚರು ಮೊದಲ ದಿನ ಬಾಯಿ ಬಿಡದವಳು, ಆ ಎಲೆಯ ಸಾಲಿನಲ್ಲೇ ಮಾತಿಗೆ ಶುರುಮಾಡಿದ್ದು. ವಿಸ್ಮಿತಾ ನನ್ನ ಕಿವಿಯಲ್ಲಿ, "ಟೀಚರ್, ಕ್ಲಾಸಿಗಿಂತ ಇದೇ ಒಳ್ಳೆಯ ಕ್ಲಾಸು" ಎಂದಳು. ನನ್ನ ದಡ್ಡತನದಿಂದ ಇಷ್ಟು ಒಳ್ಳೆಯದಾಯಿತು ನೋಡು. ಈಗ ಎಲ್ಲರೆದುರು ನಾನೇ ಯೋಚಿಸಿ ಮಾಡಿದ್ದು ಎನ್ನುತ್ತೇನೆ.

ಇನ್ನು ನಿನ್ನಪ್ಪನ ಸಂಗತಿ. ಪಾಠದಲ್ಲಿ ಹಿಂದಿನ ಬೆಂಚು, ಮೈದಾನದಲ್ಲಿ ಮುಂದಿನ ಸಾಲು. ಒಂದು ಕಾಲದಲ್ಲಿ ವಿಸ್ಮಿತಾಳನ್ನು "ಕಾಲೆತ್ತು ಹುಡುಗಿ, ಕಾಲೆತ್ತು!" ಎಂದು ಗದರಿದವರು ಈಗ ಅವಳನ್ನು "ಮೇಡಂ" ಎಂದು ಕರೆದು ಸಂಶಯ ಕೇಳುತ್ತಿದ್ದರು. ಅವಳಿಗೆ ಸಂಕೋಚ, "ಬೇಡ ಸರ್, ವಿಸ್ಮಿತಾ ಅಂತಲೇ ಹೇಳಿ" ಎಂದರೆ, "ಪಾಠದ ಹೊತ್ತಿಗೆ ಮೇಡಂ, ಮನೆಗೆ ಬಂದರೆ ವಿಸ್ಮಿತಾ" ಎಂದರು. ಕಾಲು ಹಾರಿಸಲಿಕ್ಕೆ ಆಗದಿದ್ದರೂ ಪ್ಲಾಸ್ಟಿಕ್ ಪೈಪಿನಲ್ಲಿ ಹರ್ಡಲ್ ಮಾಡುವುದನ್ನು ಎಲ್ಲರಿಗಿಂತ ಮೊದಲು ಕಲಿತರು. ಮಗುವಿನ ಕಾಲು ತಾಗಿದರೆ ಹರ್ಡಲ್ ಬೀಳಬೇಕು, ಮಗು ಬೀಳಬಾರದು ಎಂದು ವಿಸ್ಮಿತಾ ಹೇಳಿಕೊಟ್ಟ ಕ್ರಮ ಅದು. ಹಿತ್ತಲಲ್ಲಿ ನಾನು ಬಟ್ಟೆ ಒಣಗಿಸುವ ಕಬ್ಬಿಣದ ಹರ್ಡಲ್ ಇತ್ತಲ್ಲ, ನಿನ್ನ ಅಭ್ಯಾಸಕ್ಕೆಂದು ಇವರೇ ಬೆಸುಗೆ ಹಾಕಿಸಿದ್ದು? ಶಾಲೆ ಶುರುವಾದ ಮೂರನೆಯ ದಿನ ಅದನ್ನು ಗುಜರಿಗೆ ಎತ್ತಿಹಾಕಿ ಬಂದರು. ನನ್ನ ಒದ್ದೆ ಸೀರೆ ಅದರ ಮೇಲೆ ಇರುವಾಗಲೇ! ನಾನು ಬೈದೆ. ಅವರು ಜಗಲಿಗೆ ಹೋಗಿ ಪೇಪರು ಬಿಡಿಸಿದರು.

ಹೇಳಬೇಕಾದ್ದನ್ನು ಈ ಮನುಷ್ಯ ಎಂದಾದರೂ ಹೇಳಿದ್ದುಂಟಾ? ನಾನು ಶಿವಮೊಗ್ಗದಿಂದ ಬಂದಾಗಲೆಲ್ಲ ಇವರು ಕೇಳುವುದು ಒಂದೇ ಪ್ರಶ್ನೆ: "ಅವಳ ರೂಮಿಗೆ ಮೆಟ್ಟಿಲುಂಟಾ? ಎಷ್ಟು ಕಡಿದು?" ಹೇಗಿದ್ದಾಳೆ, ಉಂಡಳಾ, ದಪ್ಪ ಆಗಿದ್ದಾಳಾ ಎಂದು ಕೇಳಲಿಕ್ಕೆ ಬಾಯಿ ಬಾರದ ಗಂಡಸು ಬಾಡಿಗೆ ಕಟ್ಟಡದ ಮೆಟ್ಟಿಲು ವಿಚಾರಿಸುತ್ತಾರೆ. ನಾನು, "ನೀವೇನು ಅಲ್ಲಿ ಮೇಸ್ತ್ರಿ ಕೆಲಸಕ್ಕೆ ಹೋಗ್ತೀರಾ?" ಎಂದು ಬೈದು ಸುಮ್ಮನಾಗುತ್ತಿದ್ದೆ.

ಕೊನೆಯ ದಿನ ಬಂತು. ನಿನಗೊಂದು ಕುರ್ಚಿ ಇಡಿಸಿದ್ದೆ. ಶಿವಮೊಗ್ಗದ ಬಸ್ಸು ಬರುವ ಹೊತ್ತಿಗೆ ನಿನ್ನಪ್ಪ ಹಲ್ಲುಜ್ಜಿದಷ್ಟೇ ಸಹಜವಾಗಿ ಹೊಸ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಂತರು. ಬಸ್ಸು ಬಂತು, ಹೋಯಿತು. ಇವರು ಗೇಟಿನ ಬಳಿಯ ಒಣ ಎಲೆ ಹೆಕ್ಕುವವರ ಹಾಗೆ ಮಾಡಿ ಒಳಗೆ ಬಂದರು. ಕೋಪಿಸಿಕೊಳ್ಳಬೇಡ, ನಿನ್ನನ್ನು ಬೈಯಲಿಕ್ಕೆ ಬರೆದದ್ದಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ. ಅದು ಆ ಸಂಜೆಗೇ ಇಳಿದೂ ಹೋಯಿತು.

ಪಾಠವನ್ನು ವಿಸ್ಮಿತಾ ತೆಗೆದುಕೊಂಡಳು. ನಿನ್ನ ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಮಾಡಿದಳು. ಮೊದಲ ಪ್ರಶ್ನೆಯೇ ಇದು: "ಮಗು ಬಂದು ನೋವು ಅಂದರೆ ನೀವು ಎಂತ ಹೇಳ್ತೀರಿ? ಪುಸ್ತಕದ್ದು ಬೇಡ, ನಿಜವಾಗಿ ಹೇಳುವುದು." ಎಲ್ಲರಿಗೂ ನಗು. "ಎಣ್ಣೆ ಹಚ್ಚು." "ನಾಟಕ ಮಾಡ್ಬೇಡ." "ಒಂದು ಸುತ್ತು ಓಡು, ಸರಿಯಾಗ್ತದೆ." "ಪರೀಕ್ಷೆ ದಿನವೂ ಹೀಗೇ ಹೇಳ್ತೀಯಾ?" ಛತ್ರವಿಡೀ ನಗುತ್ತಿತ್ತು.

ಆಗ ಹಿಂದಿನ ಬೆಂಚಿನಿಂದ ನಿನ್ನಪ್ಪ ಎದ್ದು ನಿಂತರು.

"ನಾನು ಹೇಳಿದ್ದು, 'ನೋವು ಎಲ್ಲರಿಗೂ ಉಂಟು, ಓಡಿದ ಮೇಲೆ ಹೋಗ್ತದೆ' ಅಂತ," ಎಂದರು. ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. "ನನ್ನ ಮಗಳಿಗೆ ಹೇಳಿದ್ದು. ರಾಜ್ಯದ ಕೂಟ. ಹಿಂದಿನ ದಿನ ಹೇಳಿದಳು, ಅಪ್ಪ, ಮೊಣಗಂಟು ಸರಿ ಇಲ್ಲ ಅಂತ. ಬೆಳಿಗ್ಗೆ ಹೇಳಿದಳು. ಟ್ರ್ಯಾಕಿಗೆ ಹೋಗುವಾಗ ಪುನಃ ಹೇಳಿದಳು. ನಾನು ಪಟ್ಟಿ ಬಿಗಿದು ಕಟ್ಟಿ ಕಳಿಸಿದೆ. ಕೊನೆಯ ಹರ್ಡಲಿನಲ್ಲಿ ಕಾಲು ಹೋಯಿತು. ಅವಳು ಸುಳ್ಳು ಹೇಳುವ ಮಗು ಅಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದೆ. ಆಮೇಲೆ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಅದು ಸರಿಯೇ." ಇಷ್ಟು ಹೇಳಿ ಕೂತರು.

ಏಳೆಂಟು ವರ್ಷದಲ್ಲಿ ಆ ಮಾತನ್ನು ನನ್ನೆದುರು ಒಮ್ಮೆಯೂ ಆಡದವರು, ಅಷ್ಟು ಜನರೆದುರು ಆಡಿದರು. ಮೊಯಿದಿನಬ್ಬ ಮಾಸ್ಟ್ರೇ ಎದ್ದು ಹೋಗಿ ಇವರ ಪಕ್ಕ ಕೂತು, ಭುಜದ ಮೇಲೆ ಕೈಯಿಟ್ಟು, "ನಾನೂ ಇದನ್ನೇ ಹೇಳಿದ್ದೇನೆ ಮಾರಾಯ, ಎಷ್ಟೋ ಮಕ್ಕಳಿಗೆ. ನೀನು ಕಳಿಸಿದ್ದು ನಿನ್ನ ಮಗಳನ್ನು, ಹಾಗಾಗಿ ನಿನಗೆ ಗೊತ್ತಾಯ್ತು. ನಾನು ಕಳಿಸಿದ ಮಕ್ಕಳು ಎಲ್ಲಿದ್ದಾರೆ, ಅವರ ಕಾಲು ಹೇಗುಂಟು, ನನಗೆ ಗೊತ್ತೇ ಇಲ್ಲ," ಎಂದರು. ತಮಾಷೆಯ ಮನುಷ್ಯ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಮತ್ತೆ ಒಬ್ಬೊಬ್ಬರೇ ಮಾತಾಡಿದರು. ಯಾರೂ ನಗಲಿಲ್ಲ. ಮುಗಿಯುವ ಹೊತ್ತಿಗೆ ಫಾಯಿಝಾ ಕೈಯೆತ್ತಿ, "ನಾವೆಲ್ಲರೂ ಒಂದು ನಿಯಮ ಮಾಡಿಕೊಳ್ಳುವ. ಮಗು ನೋವು ಅಂದರೆ ಅವತ್ತು ಓಟ ಇಲ್ಲ. ಫೈನಲ್ ಇದ್ದರೂ ಇಲ್ಲ," ಎಂದಳು. ನಿಯಮ ಎಂಬ ಮಾತು ಕೇಳಿ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಮುಖ ಅರಳಿತು. ಎಲ್ಲರೂ ಎದ್ದು ನಿಂತು ಒಪ್ಪಿದರು. ಪ್ರಮಾಣಪತ್ರ ಹಂಚಲಿಕ್ಕೆ ಬಂದ ಅದೇ ಅಧಿಕಾರಿ, ಕನ್ನಡಕದವರು, ಮುಂದಿನ ಬೇಸಿಗೆಗೂ ಇದನ್ನು ಮಾಡಲೇಬೇಕು ಟೀಚರ್ ಎಂದು ತಾವಾಗಿಯೇ ಹೇಳಿದರು. ನಾನು ತಲೆಯೆತ್ತಿ ನಿಂತಿದ್ದೆ ಮಗಾ. ಹಳೆಯ ಮೆಡಲುಗಳು ಯಾವುದೂ ನನಗೆ ಅಷ್ಟು ಹಿಗ್ಗು ಕೊಟ್ಟದ್ದಿಲ್ಲ.

ಹೊರಡುವಾಗಿನ ಚಂದ ನೀನು ನೋಡಬೇಕಿತ್ತು. ಒಬ್ಬೊಬ್ಬರ ಕೈಯಲ್ಲೂ ತಾವೇ ಮಾಡಿದ ಪೈಪಿನ ಹರ್ಡಲ್, ಬಿದಿರಿನ ಭರ್ಜಿ. ವೇಣೂರಿನ ಮೇಲೆ ಧರ್ಮಸ್ಥಳಕ್ಕೆ ಹೋಗುವ ಬಸ್ಸಿನ ಕಂಡಕ್ಟರು, "ಎಂತ ಸಾರ್ ಇದು, ಯುದ್ಧಕ್ಕಾ?" ಎಂದು ತಕರಾರು ತೆಗೆದ. ಬೆಳ್ತಂಗಡಿಯ ಹಿಂದಿ ಮಾಸ್ಟ್ರು ಎದೆಯುಬ್ಬಿಸಿ, "ನಾವು ಕೋಚುಗಳು" ಎಂದರು. ಹತ್ತು ದಿನದ 'ಕೋಚು'! ಬಸ್ಸಿನ ಟಾಪಿನ ಮೇಲೆ ಬಿಳಿ ಹರ್ಡಲುಗಳು ಸಾಲಾಗಿ ಕಟ್ಟಿಸಿಕೊಂಡು ಹೋದವು. ತಿರುವು ದಾಟುವವರೆಗೆ ನಾನೂ ನಿನ್ನಪ್ಪನೂ ನೋಡುತ್ತ ನಿಂತೆವು.

ಮುಂದಿನ ಬೇಸಿಗೆಯ ಆ ಪಾಠ ನಿನ್ನದೇ. ಅಪ್ಪನ ಜೊತೆ ಮಾತಾಡು ಎಂದು ನಾನು ಹೇಳುವುದಿಲ್ಲ. ಅದು ನಿನ್ನ ಕಾಲು, ನಿನ್ನ ಮನಸ್ಸು. ಪಾಠ ಮಾಡಲಿಕ್ಕೆ ಬಾ ಎಂದು ಮಾತ್ರ ಹೇಳುತ್ತೇನೆ. ಕುರ್ಚಿಯನ್ನು ಛತ್ರದಲ್ಲೇ ಇಡಿಸಿದ್ದೇನೆ. ಮಳೆ ಶುರುವಾಗುವ ಮೊದಲು ಹಪ್ಪಳ ಒಣಗಿಸಿ ಕಳಿಸುತ್ತೇನೆ. ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ, ನೀನೂ ನೂರು ವರ್ಷ ನೆಟ್ಟಗೆ ನಡೆ ಎಂದು ಹರಸುವ,

ನಿನ್ನ ಅಮ್ಮ,
ರಾಜಮತಿ

ತಾ.ಕ.: ಕಾಗದ ಅಂಟಿಸಿ ಮತ್ತೆ ಬಿಚ್ಚಿದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆಯದೆ ಇರಲಿಕ್ಕೆ ಆಗುತ್ತಿಲ್ಲ.

ಮುಗಿಯುವ ದಿನ ಹೆಸರುಬೇಳೆ ಪಾಯಸ ಮಾಡಿಸಿದ್ದೆ. ನಿನ್ನಪ್ಪ ಎಂದಿನಂತೆ ಎಲೆಗೆ ಕೈ ಅಡ್ಡ ಹಿಡಿದು, "ಶುಗರ್" ಎಂದರು. ಇವರಿಗೆ ಸಕ್ಕರೆ ಕಾಯಿಲೆಯ ಅಂಚು ಎಂದು ನಾನೂ ಇಷ್ಟು ವರ್ಷ ನಂಬಿ ಚಹಾವನ್ನೂ ಸಪ್ಪೆ ಮಾಡಿಕೊಟ್ಟೆನಲ್ಲ. ಬಡಿಸುತ್ತಿದ್ದ ದೊಡ್ಡಪ್ಪ ಸೌಟು ಹಿಡಿದೇ ಇವರೆದುರು ನಿಂತು, "ಶಶಿ, ಇನ್ನೂ ಎಷ್ಟು ಕಾಲ?" ಎಂದರು. ಇವರು ಎಲೆ ಮಡಚಿ ಎದ್ದರು. ಆಮೇಲೆ ನಾನು ಭಾವನನ್ನು ಹಿಡಿದು ಕೇಳಿದೆ. ಶುಗರೂ ಇಲ್ಲ, ಎಂತದೂ ಇಲ್ಲವಂತೆ.

ಆಪರೇಷನ್ ಆದ ಮೇಲೆ ನಿನ್ನನ್ನು ಮೊದಲ ಸಲ ಬಸದಿಗೆ ಕರಕೊಂಡು ಹೋದದ್ದು ನೆನಪುಂಟಾ? ಬರುವಾಗ ನೀನು ಗೋಡೆ ಹಿಡಿದು, ಅಡ್ಡ ತಿರುಗಿ, ಮುದುಕಿಯರ ಹಾಗೆ ಒಂದೊಂದೇ ಮೆಟ್ಟಿಲು ಇಳಿದೆ. ಇವರು ಕೆಳಗೆ ನಿಂತು ನೋಡುತ್ತಿದ್ದರು. ಕೈ ಕೊಡಲಿಕ್ಕೆ ಬಂದಾಗ ನೀನು ಬೇಡ ಎಂದೆ. ನಾವೆಲ್ಲ ಮನೆಗೆ ಹೋದ ಮೇಲೆ ಇವರೊಬ್ಬರೇ ಪುನಃ ಬಸದಿಯೊಳಗೆ ಹೋಗಿ ಸ್ವಾಮಿಯ ಎದುರು ನಿಯಮ ತೆಗೆದುಕೊಂಡರಂತೆ: ನನ್ನ ಮಗಳು ನೋವಿಲ್ಲದೆ ಮೆಟ್ಟಿಲು ಇಳಿಯುವವರೆಗೆ ನಾನು ಸಿಹಿ ಮುಟ್ಟುವುದಿಲ್ಲ ಎಂದು. ದೀಪ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪನೊಬ್ಬರಿಗೇ ಗೊತ್ತು. ನಿನ್ನ ಕ್ಷಮೆಯನ್ನು ಅವರು ದೇವರ ಹತ್ತಿರ ಕೇಳಿಲ್ಲ ಸಾಧನಾ. ಮೆಟ್ಟಿಲು ಮಾತ್ರ ಕೇಳಿದ್ದಾರೆ. ನನ್ನ ಹತ್ತಿರ ಕೇಳುತ್ತಿದ್ದದ್ದೂ ಅದನ್ನೇ, ನನಗೆ ಅರ್ಥವಾಗಲಿಲ್ಲ.

ಆದ್ದರಿಂದ ಒಂದು ಸಾಲು ಬರೆ. ನನಗೆ ಬರೆದರೂ ಸಾಕು. ಈಗ ಮೆಟ್ಟಿಲು ಇಳಿಯುವಾಗ ನೋವು ಉಂಟಾ? ಪಾಪವೆಂದು ಸುಳ್ಳು ಹೇಳಿ ಅವರಿಗೆ ಪಾಯಸ ತಿನ್ನಿಸಬೇಡ. ಇಲ್ಲವಾದರೆ ಇಲ್ಲ ಎಂದು ಬರೆ. ನೋವು ಉಂಟಾದರೆ ಉಂಟೆಂದೇ ಬರೆ.

ಈ ಸಲ ಅವರು ನಂಬುತ್ತಾರೆ.